ಗುಟ್ಟು ಇರುವುದು ತೂಕದ ಏರುಪೇರಿನಲ್ಲಿ

ಹರಪ್ಪ, ಮೊಹೆಂಜೊದಾರೊಗಳಲ್ಲಿ ಸಿಕ್ಕ ತೂಕದ ಕಲ್ಲುಗಳನ್ನು ಫೋಟೊದಲ್ಲಿ ನೋಡಿದರೆ ಚುಕ್ಕೆ ಇಲ್ಲದ ದಾಳಗಳ ಹಾಗೆ ಕಾಣುತ್ತವೆ. ಚರ್ಟ್ ಎಂಬ ಗಟ್ಟಿ ಕಲ್ಲನ್ನು ಚೌಕವಾಗಿ ಕಡಿದು, ಉಜ್ಜಿ ಉಜ್ಜಿ ನುಣುಪು ಮಾಡಿದ್ದಾರೆ. ಮುದ್ರೆ ಕೆತ್ತುವುದರಲ್ಲಿ ಅಷ್ಟೊಂದು ಪಳಗಿದ್ದ ಜನ ಈ ಕಲ್ಲುಗಳ ಮೇಲೆ ಅಂಕಿಯನ್ನೂ ಬರೆದಿಲ್ಲ, ಹೆಸರನ್ನೂ ಬರೆದಿಲ್ಲ.

ಹೆಚ್ಚಾಗಿ ಸಿಕ್ಕಿರುವುದು 13.7 ಗ್ರಾಂ ಆಸುಪಾಸಿನ ಕಲ್ಲು. ಅದರ ಅರ್ಧ, ಆ ಅರ್ಧದ ಅರ್ಧ ಎಂದು ಇಳಿಯುತ್ತಾ ಹೋದರೆ 0.86 ಗ್ರಾಂಗೆ ಬರುತ್ತೇವೆ. ಅದನ್ನು ಒಂದು ಎಂದಿಟ್ಟುಕೊಂಡರೆ ಸಾಲು ಹೀಗೆ ಏರುತ್ತದೆ: 1, 2, 4, 8, 16, 32, 64. ಅಲ್ಲಿಂದ ಮುಂದೆ 160, 200, 320, 640 ಎಂದು ಹತ್ತರ ಲೆಕ್ಕ ಬೆರೆಯುತ್ತದೆ.

ಸುಮ್ನೆ ಹೀಗೆ ದುಪ್ಪಟ್ಟು ಮಾಡಿಕೊಂಡು ಹೋದದ್ದಲ್ಲ. ಒಂದು ಹಿಡಿ ಕಾಳನ್ನು ತಕ್ಕಡಿಯ ಎರಡು ತಟ್ಟೆಗೂ ಹಂಚಿ ಮುಳ್ಳು ನೇರ ನಿಲ್ಲಿಸಿದರೆ ಸರಿಯಾಗಿ ಅರ್ಧ ಸಿಗುತ್ತದೆ. ಬೇರೆ ಕಲ್ಲೇ ಬೇಡ. ಮೂರು ಪಾಲು, ಐದು ಪಾಲು ಮಾಡುವುದು ಇಷ್ಟು ಸುಲಭವಲ್ಲ. ಇನ್ನೊಂದು ಅನುಕೂಲವೂ ಇದೆ. 1, 2, 4, 8, 16ರ ಐದೇ ಕಲ್ಲು ಇಟ್ಟುಕೊಂಡರೆ 1ರಿಂದ 31ರವರೆಗಿನ ಯಾವ ತೂಕವನ್ನಾದರೂ ತೂಗಬಹುದು. ಬೇಕಾದರೆ ಕೂಡಿಸಿ ನೋಡಿ.

ಆಗಿನ್ನೂ ನಾಣ್ಯ ಇರಲಿಲ್ಲ. ಮೆಸೊಪೊಟೇಮಿಯಾದಲ್ಲಿ ಸಾಲ, ಬಡ್ಡಿ, ದಂಡ ಎಲ್ಲವೂ ತೂಗಿದ ಬೆಳ್ಳಿಯಲ್ಲಿ ಇಲ್ಲವೇ ಅಳೆದ ಬಾರ್ಲಿಯಲ್ಲಿ ನಡೆಯುತ್ತಿದ್ದವು. ಶೆಕೆಲ್ ಎಂದರೆ ಸುಮಾರು 8.3 ಗ್ರಾಂ. 60 ಶೆಕೆಲ್ ಸೇರಿದರೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕಿಲೊ. 60 ಮಿನಾ ಸೇರಿದರೆ ಒಂದು ಟ್ಯಾಲೆಂಟ್. ಬೆಳ್ಳಿಯ ಸುರುಳಿಯಿಂದ ಬೇಕಾದಷ್ಟು ತುಂಡರಿಸಿ ತಕ್ಕಡಿಗೆ ಹಾಕುತ್ತಿದ್ದರು. ಮೋಸವೂ ಅಷ್ಟೇ ಹಳೆಯದು. ಸಾಲ ಕೊಡುವಾಗ ಹಗುರ ಕಲ್ಲು, ವಸೂಲಿಗೆ ಭಾರದ ಕಲ್ಲು ಬಳಸಿದ ವ್ಯಾಪಾರಿ ಕೊಟ್ಟದ್ದನ್ನೆಲ್ಲ ಕಳೆದುಕೊಳ್ಳುತ್ತಾನೆ ಎಂದು ಬ್ಯಾಬಿಲೋನಿನ ದೊರೆ ಹಮ್ಮುರಬಿಯ ಕಾನೂನು ಹೇಳುತ್ತದೆ.

ಊರಿಗೊಂದು ತೂಕ ಇದ್ದರೆ ವ್ಯಾಪಾರ ಹೇಗೆ? ಇದಕ್ಕೆ ಮೆಸೊಪೊಟೇಮಿಯಾದ ಉರ್ ಪಟ್ಟಣದ ಒಂದು ಜೇಡಿಮಣ್ಣಿನ ಲೆಕ್ಕಪತ್ರ ನೋಡಬೇಕು. ಕ್ರಿ.ಪೂ. 1800ರ ಸುಮಾರಿನದು. ದಿಲ್ಮುನ್‌ನಿಂದ, ಅಂದರೆ ಇಂದಿನ ಬಹ್ರೇನ್ ಕಡೆಯಿಂದ, ಬಂದ ತಾಮ್ರದ ಲೆಕ್ಕ ಅದರಲ್ಲಿದೆ. ಒಟ್ಟು ಸುಮಾರು 18 ಟನ್! ಬರೆದವನು ಅದೇ ತಾಮ್ರವನ್ನು ಎರಡು ಸಲ ಲೆಕ್ಕ ಹಾಕಿದ್ದಾನೆ. ದಿಲ್ಮುನ್ ತೂಕದಲ್ಲಿ 13,000ಕ್ಕೂ ಹೆಚ್ಚು ಮಿನಾ, ಉರ್ ತೂಕದಲ್ಲಿ 611 ಟ್ಯಾಲೆಂಟ್ ಮತ್ತು ಚಿಲ್ಲರೆ. ಭಾಗಿಸಿ ನೋಡಿದರೆ ದಿಲ್ಮುನ್‌ನ ಒಂದು ಮಿನಾ 1.4 ಕಿಲೊ ಹತ್ತಿರಕ್ಕೆ ಬರುತ್ತದೆ. ನಮ್ಮ 13.7 ಗ್ರಾಂನ ಕಲ್ಲನ್ನು ನೂರರಿಂದ ಗುಣಿಸಿ: 1.37 ಕಿಲೊ. ಬಹ್ರೇನ್‌ನ ಅಗೆತದಲ್ಲಿ ಸಿಂಧೂ ಮಾದರಿಯ ಚೌಕ ಕಲ್ಲುಗಳೇ ಸಿಕ್ಕಿವೆ. ಕೊಲ್ಲಿಯ ನಡುವಿನ ಆ ದ್ವೀಪದ ವ್ಯಾಪಾರಿಗಳು ಪೂರ್ವದಿಂದ ಬಂದ ತೂಕವನ್ನೇ ತಮ್ಮದಾಗಿ ಮಾಡಿಕೊಂಡಿದ್ದರು. ಪಶ್ಚಿಮದ ಗಿರಾಕಿಗೆ ಅದನ್ನು ಬದಲಾಯಿಸಿ ಹೇಳಬೇಕಾಗಿತ್ತು. ಅರಮನೆಯ ಶಾಸನಗಳಿಗಿಂತ ಇಂಥ ಒಣ ಲೆಕ್ಕದ ಚೀಟಿಗಳನ್ನೇ ನಾನು ಜಾಸ್ತಿ ನಂಬುತ್ತೇನೆ. ಬರೆದವನಿಗೆ ಯಾರನ್ನೂ ಹೊಗಳಬೇಕಾಗಿರಲಿಲ್ಲ, ಲೆಕ್ಕ ತಾಳೆಯಾದರೆ ಸಾಕಿತ್ತು.

ಇನ್ನು ಯುರೋಪಿನ ಕಥೆ. ಒಂದು ಕಲ್ಲು ನೋಡಿ ಇನ್ನೊಂದನ್ನು ಮಾಡುವಾಗ ಚೂರು ಹೆಚ್ಚುಕಮ್ಮಿ ಆಗೇ ಆಗುತ್ತದೆ. ಅದನ್ನು ನೋಡಿ ಮತ್ತೊಂದು ಮಾಡಿದರೆ ತಪ್ಪಿನ ಮೇಲೆ ತಪ್ಪು ಕೂಡುತ್ತದೆ. ಜರ್ಮನಿಯ ಗಟ್ಟಿಂಗೆನ್ ವಿಶ್ವವಿದ್ಯಾಲಯದ ಸಂಶೋಧಕರು 127 ಕಡೆ ಸಿಕ್ಕ 2,274 ಹಳೆಯ ತೂಕಗಳನ್ನು ಹೋಲಿಸಿ, ಈ ತಪ್ಪು ಹೇಗೆ ಬೆಳೆಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. 2021ರಲ್ಲಿ ಫಲಿತಾಂಶ ಬಂತು. ಸಿಂಧೂ ಕಣಿವೆಯ ತೂಕ ಮಾತ್ರ ಬೇರೆಯಾಗಿ ನಿಂತಿತು. ಮೆಸೊಪೊಟೇಮಿಯಾದಿಂದ ಪಶ್ಚಿಮಕ್ಕೆ, ಯುರೋಪಿನವರೆಗೆ, ಹೋದಂತೆ ಹುಟ್ಟಿಕೊಂಡ ಅಳತೆಗಳು ಒಂದಕ್ಕೊಂದು ತೀರಾ ಹತ್ತಿರ ಇದ್ದವು. ಬರೀ ನಕಲು ಮಾಡುತ್ತಾ ಹೋಗಿದ್ದರೆ ಇನ್ನೂ ಹೆಚ್ಚು ದೂರ ಸರಿಯಬೇಕಿತ್ತು. ಅಷ್ಟು ದೊಡ್ಡ ನೆಲವನ್ನು ಆಳುವ ಒಬ್ಬ ದೊರೆಯಂತೂ ಇರಲಿಲ್ಲ. ಹಾಗಾದರೆ ಹಿಡಿದಿಟ್ಟವರು ಯಾರು? ವ್ಯಾಪಾರಿಗಳೇ. ಎದುರಾದಾಗಲೆಲ್ಲ ನಿನ್ನ ಕಲ್ಲು, ನನ್ನ ಕಲ್ಲು ಎಂದು ತಕ್ಕಡಿಯಲ್ಲಿಟ್ಟು ನೋಡಿಕೊಳ್ಳುತ್ತಿದ್ದರೆ ಸಾಕು. ತೀರಾ ತಪ್ಪಿದ ಕಲ್ಲಿನವನ ಜೊತೆ ಯಾರು ವ್ಯವಹಾರ ಮಾಡುತ್ತಾರೆ, ಅಲ್ವಾ?

ನಾಣ್ಯ ಬಂದ ಮೇಲೆ ತಕ್ಕಡಿಗೆ ಕೆಲಸ ತಪ್ಪಿತು ಅಂದುಕೊಳ್ಳಬೇಡಿ. ನಮ್ಮ ದೇಶದ ಹಳೆಯ ಬೆಳ್ಳಿ ನಾಣ್ಯ ಕಾರ್ಷಾಪಣ. ಅದರ ತೂಕ 32 ಗುಲಗಂಜಿ, ಸುಮಾರು 3.4 ಗ್ರಾಂ. ಸಿಂಧೂ ನಗರಗಳು ಪಾಳುಬಿದ್ದು ಸಾವಿರ ವರ್ಷಕ್ಕೂ ಜಾಸ್ತಿ ಆಗಿತ್ತು, ಆದರೂ ಇದು 13.7 ಗ್ರಾಂನ ಕಾಲು ಭಾಗ. (ವಿಜಯನಗರದ ವರಹವೂ ಹೆಚ್ಚುಕಡಿಮೆ ಇಷ್ಟೇ ತೂಗುತ್ತದೆ. ಅದಕ್ಕೂ ಇದಕ್ಕೂ ಗಂಟು ಹಾಕುವ ಧೈರ್ಯ ನನಗಿಲ್ಲ.)

1924ರಲ್ಲಿ ತಕ್ಷಶಿಲೆಯಲ್ಲಿ ಇಂಥ ಸಾವಿರಕ್ಕೂ ಹೆಚ್ಚು ನಾಣ್ಯಗಳ ನಿಧಿ ಸಿಕ್ಕಿತು. ಪುಣೆಯಲ್ಲಿ ಗಣಿತ ಪಾಠ ಮಾಡುತ್ತಿದ್ದ ಡಿ.ಡಿ. ಕೋಸಂಬಿ ಅವುಗಳ ತೂಕದ ಲೆಕ್ಕಕ್ಕೆ ಕೈ ಹಾಕಿದರು. ನಾಣ್ಯದ ಮುಂಬದಿಯಲ್ಲಿ ದೊಡ್ಡ ಠಸ್ಸೆಗಳು, ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಗುರುತುಗಳು ಇರುತ್ತವೆ. ಹಿಂಬದಿಯ ಗುರುತು ಹೆಚ್ಚಾದಷ್ಟೂ ನಾಣ್ಯಗಳ ಸರಾಸರಿ ತೂಕ ಇಳಿಯುತ್ತಿರುವುದು ಅವರ ಕಣ್ಣಿಗೆ ಬಿತ್ತು. ಆ ಗುರುತುಗಳು ವ್ಯಾಪಾರಿಗಳು ಆಗಾಗ ತೂಗಿ, ಸರಿ ಇದೆ ಎಂದು ಒತ್ತಿದ ಮುದ್ರೆಗಳು ಎಂದು ಕೋಸಂಬಿ ವಾದಿಸಿದರು. ಗುರುತು ಜಾಸ್ತಿ ಎಂದರೆ ಹೆಚ್ಚು ಕಾಲ ಕೈಯಿಂದ ಕೈಗೆ ದಾಟಿದ ನಾಣ್ಯ. ಅಷ್ಟು ಬೆಳ್ಳಿ ಸವೆದು ಹೋಗಿರುತ್ತದೆ. ಯಾವ ನಾಣ್ಯ ಮೊದಲಿನದು, ಯಾವುದು ಆಮೇಲಿನದು ಎಂದು ಹೇಳಲು ಇದರಿಂದ ದಾರಿಯಾಯಿತು.

ಮೌರ್ಯರ ಕಾಲಕ್ಕೆ ಬೆಳ್ಳಿಗೆ ತಾಮ್ರ ಬೆರೆಸುವುದು ಜಾಸ್ತಿಯಾಯಿತು. ಅಂಥ ನಾಣ್ಯದಲ್ಲಿ ತೂಕ ಸರಿಯಿದ್ದರೂ ಬೆಳ್ಳಿ ಎಷ್ಟಿದೆ ಎಂದು ತಕ್ಕಡಿ ಹೇಳಲಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಪರೀಕ್ಷೆ ಮಾಡುವುದಕ್ಕೆಂದೇ ಒಬ್ಬ ಅಧಿಕಾರಿ ಇದ್ದಾನೆ. ಅವನ ಹುದ್ದೆಯ ಹೆಸರು ರೂಪದರ್ಶಕ.