‘ಎಷ್ಟು ಹೇಳಿದರೂ ಅಮ್ಮನ ತಲೆಗೆ ಹೋಗುವುದಿಲ್ಲ’

ಪ್ರಶ್ನೆ: ಅಮ್ಮ ಹೊನ್ನಾವರದಲ್ಲಿ ಮೀನು ಮಾರುತ್ತಾರೆ, ಓದಲು ಬರುವುದಿಲ್ಲ. ಬಿಪಿ, ಸಕ್ಕರೆ ಎರಡಕ್ಕೂ ಮಾತ್ರೆ ಇದೆ. ನಾನಿರುವುದು ಬೆಂಗಳೂರಿನಲ್ಲಿ. ಫೋನಿನಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ, ಮಾತ್ರೆ ತಪ್ಪಿಸುತ್ತಾರೆ. ಏನು ಮಾಡಲಿ?

ಉತ್ತರ: ಪತ್ರ ಕುಮಟಾದಿಂದ ಬರಲಿ, ಜೊಯಿಡಾದಿಂದ ಬರಲಿ, ‘ತಲೆಗೆ ಹೋಗುವುದಿಲ್ಲ’ ಎಂಬ ಮಾತು ಮಾತ್ರ ತಪ್ಪುವುದಿಲ್ಲ. ಔಷಧ ಅಂಗಡಿಯ ಮೇಜಿನ ಹಿಂದೆ ನಿಂತೇ ತಲೆ ನರೆಸಿಕೊಂಡ ನನಗೆ ಇದಕ್ಕೆ ಉತ್ತರ ಬಾಯಿಪಾಠವಾಗಿದೆ. ಬೆಳಗಿನದಕ್ಕೊಂದು, ರಾತ್ರಿಯದಕ್ಕೊಂದು ಡಬ್ಬಿ ಮಾಡಿ. ಒಂದರ ಮೇಲೆ ಸೂರ್ಯ, ಇನ್ನೊಂದರ ಮೇಲೆ ಚಂದ್ರನನ್ನು ಬರೆಯಿರಿ. ವಾರಕ್ಕೊಮ್ಮೆ ನೆರೆಮನೆಯ ಶಾಲೆಯ ಹುಡುಗಿಯಿಂದ ತುಂಬಿಸಿ. ಇಷ್ಟೇ.

ಈಗ ಆ ತಲೆಯ ವಿಚಾರಕ್ಕೆ ಬರೋಣ. ಯಾವ ಮನೆಗೆ ಎಷ್ಟು ಬಂಗುಡೆ ಕೊಟ್ಟೆ, ಯಾರ ಬಾಕಿ ಎಷ್ಟು, ಯಾರು ಕಳೆದ ವಾರ ಅರ್ಧ ಕೊಟ್ಟು ಜಾರಿಕೊಂಡರು ಎಂಬ ಲೆಕ್ಕವನ್ನು ನಿಮ್ಮ ಅಮ್ಮ ಯಾವ ಪುಸ್ತಕದಲ್ಲಿ ಬರೆದಿಡುತ್ತಾರೆ? ಅದೇ ತಲೆಯಲ್ಲಿ. ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಯಾವ ತಾಯಿಮರದ ಬೀಜವನ್ನು ಯಾವಾಗ ಆರಿಸಬೇಕು ಎಂಬುದನ್ನು ಅರಣ್ಯ ಇಲಾಖೆಯೇ ಅವರಿಂದ ಕೇಳಿ ತಿಳಿಯುತ್ತಿತ್ತು; 2021ರಲ್ಲಿ ಅವರು ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ಪಡೆದರು. ಅಕ್ಷರ ಬೇರೆ, ಬುದ್ಧಿ ಬೇರೆ. ಇದನ್ನು ಇನ್ನೆಷ್ಟು ಸಲ ಹೇಳಬೇಕೋ.

ಹಾಗಾದರೆ ಓದಲು ಬಂದರೆ ಎಲ್ಲವೂ ಸರಿಯೇ? ಅದೂ ಇಲ್ಲ. ಅಮೆರಿಕದ ಮೂರು ಚಿಕಿತ್ಸಾಲಯಗಳಲ್ಲಿ 395 ರೋಗಿಗಳಿಗೆ ಔಷಧದ ಡಬ್ಬಿಗೆ ಅಂಟಿಸುವ ಸೂಚನೆಯ ಚೀಟಿ ತೋರಿಸಿ ನಡೆಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ‘ದಿನಕ್ಕೆ ಎರಡು ಬಾರಿ, ಎರಡೆರಡು ಮಾತ್ರೆ’ ಎಂಬ ಸೂಚನೆಯನ್ನು ಓದಿನ ಶಕ್ತಿ ಕಡಿಮೆ ಇದ್ದವರಲ್ಲೂ ಶೇ 70.7 ಮಂದಿ ಸರಿಯಾಗಿ ಹೇಳಿದರು. ‘ಸರಿ, ದಿನಕ್ಕೆ ಎಷ್ಟಾಯಿತು, ಎಣಿಸಿ ತೋರಿಸಿ’ ಎಂದಾಗ ನಾಲ್ಕು ಮಾತ್ರೆ ಎತ್ತಿಟ್ಟವರು ಅದೇ ಗುಂಪಿನ ಶೇ 34.7 ಮಂದಿ ಮಾತ್ರ. ಬಾಯಿ ಒಪ್ಪಿಸಿತು, ಕೈ ತಪ್ಪಿತು. ನನ್ನ ಅಂಗಡಿಯಲ್ಲೂ ತಲೆಯಾಡಿಸಿ ಹೋದವರೇ ಮಾರನೆಯ ದಿನ ಹಿಂದೆ ಬರುತ್ತಾರೆ. ಅವರಲ್ಲಿ ಪದವೀಧರರೂ ಇದ್ದಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದು ಹೇಳಲು ವೈದ್ಯರು ಬರೆಯುವ 1-0-1 ಎಂದರೆ ನೂರಾ ಒಂದನೆಯ ನಂಬರಿನ ಔಷಧವೇ ಎಂದು ಕೇಳಿದವರು ನಿವೃತ್ತ ನೌಕರರು.

2011ರ ಜನಗಣತಿಯ ಪ್ರಕಾರ ನಮ್ಮ ಉತ್ತರ ಕನ್ನಡ ಜಿಲ್ಲೆಯ ಸಾಕ್ಷರತೆ ಶೇ 84ರಷ್ಟು. ಆದರೆ ಗಣತಿಗೆ ಯಾವುದಾದರೂ ಒಂದು ಭಾಷೆಯನ್ನು ಓದಿ ಬರೆಯಲು ಬಂದರೆ ಸಾಕು. ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲಿನದನ್ನು ಓದಲು ಇಂಗ್ಲಿಷೇ ಬೇಕು. ಕಾರವಾರದವರು ಗೋವಾಕ್ಕೆ, ಭಟ್ಕಳದವರು ಮಣಿಪಾಲಕ್ಕೆ, ಶಿರಸಿಯವರು ಹುಬ್ಬಳ್ಳಿಗೆ ಹೋಗಿ ತರುವ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡುತ್ತಾರೆ. ಕನ್ನಡ ಓದಬಲ್ಲವರಿಗೂ ಅದರೊಳಗಿನದು ಗೊತ್ತಿರುವುದಿಲ್ಲ. ಮನೆಮಾತು ಕೊಂಕಣಿಯಾದ ಅಜ್ಜಿಗಂತೂ ವೈದ್ಯರ ಕನ್ನಡವೇ ಅರ್ಧ ದೂರ. ಇನ್ನು ‘ತಿಂಡಿಯ ನಂತರ’ ಎಂಬ ಸೂಚನೆ. ನಸುಕಿಗೇ ಬಂದರಿಗೆ ಹೊರಟು ಹತ್ತು ಗಂಟೆಗೆ ಗಂಜಿ ಉಣ್ಣುವ ನಿಮ್ಮ ಅಮ್ಮನಿಗೆ ತಿಂಡಿ ಎಂದರೆ ಯಾವುದು? ಆರಕ್ಕೆ ಕುಡಿದ ಚಹಾವೇ? ನೀವು ಎಂದಾದರೂ ಕೇಳಿದ್ದೀರಾ? ‘ಗಂಜಿಯ ಜೊತೆ’ ಎಂದು ಹೇಳಬಹುದೇ ಎಂದು ವೈದ್ಯರನ್ನು ಒಮ್ಮೆ ಕೇಳಿ. ಆಮೇಲೆ ‘ಅರ್ಥವಾಯಿತಾ?’ ಎನ್ನಬೇಡಿ. ಆ ಪ್ರಶ್ನೆಗೆ ಯಾರೂ ಇಲ್ಲ ಎನ್ನುವುದಿಲ್ಲ, ಎಲ್ಲರಿಗೂ ಮರ್ಯಾದೆ ಇದೆ. ‘ನಾಳೆ ಬೆಳಿಗ್ಗೆ ಯಾವುದನ್ನು ತೆಗೆದುಕೊಳ್ಳುತ್ತೀಯಮ್ಮ, ಕೈಯಲ್ಲಿ ಹಿಡಿದು ತೋರಿಸು’ ಎನ್ನಿ. ವಿಡಿಯೊ ಕರೆ ಇರುವುದು ಮತ್ತೇಕೆ?

ನೀವು ಕೇಳದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಓದಲು ಬಾರದವರು ಮಾತ್ರೆಯನ್ನು ಬಣ್ಣದಿಂದ, ಆಕಾರದಿಂದ ಗುರುತಿಸುತ್ತಾರೆ. ಬೇರೆ ಕಂಪನಿಯದು ಬಂದರೆ ಅದೇ ಔಷಧ ಬಿಳಿಯದಿದ್ದದ್ದು ಹಳದಿಯಾಗುತ್ತದೆ. ಅಮ್ಮ ಅದನ್ನು ಹೊಸ ಮಾತ್ರೆ ಎಂದುಕೊಂಡು, ಮನೆಯಲ್ಲಿ ಉಳಿದ ಹಳೆಯದನ್ನೂ ಜೊತೆಗೆ ನುಂಗುತ್ತಾರೆ. ಸಕ್ಕರೆಯ ಕೆಲವು ಮಾತ್ರೆಗಳು ಹೀಗೆ ಇಮ್ಮಡಿಯಾದರೆ ಬೆವರು, ನಡುಕ, ತಲೆಸುತ್ತು. ಕೆಲವೊಮ್ಮೆ ಪ್ರಜ್ಞೆಯೂ ತಪ್ಪುತ್ತದೆ. ಆದ್ದರಿಂದ ಪ್ರತಿ ತಿಂಗಳು ಖಾಲಿ ಪಟ್ಟಿಯನ್ನು ಅಂಗಡಿಗೆ ಒಯ್ಯಲು ಹೇಳಿ. ಬಣ್ಣ ಬದಲಾಗಿದ್ದರೆ ‘ಇದು ಅದರ ಬದಲು, ಅದರ ಜೊತೆಗಲ್ಲ’ ಎಂದು ಅಂಗಡಿಯವನಿಂದಲೇ ಬಾಯಿಬಿಟ್ಟು ಹೇಳಿಸಿ.

ಕತ್ತರಿಯ ದೋಷವೂ ಒಂದಿದೆ, ಅದು ನಮ್ಮ ಕಸುಬಿನವರದೇ. ಐದು ಮಾತ್ರೆ ಕೇಳಿದರೆ ಪಟ್ಟಿಯನ್ನು ಕತ್ತರಿಸಿ ಕೊಡುತ್ತೇವೆ. ಅವಧಿಯ ದಿನಾಂಕ ಸಾಮಾನ್ಯವಾಗಿ ಒಂದು ತುದಿಯಲ್ಲೇ ಅಚ್ಚಾಗಿರುವುದರಿಂದ ಅದು ಅಂಗಡಿಯಲ್ಲೇ ಉಳಿದು, ಹೆಸರೂ ಇಲ್ಲದ ತುಂಡು ಅಮ್ಮನ ಸೊಂಟದ ಚೀಲ ಸೇರುತ್ತದೆ. ನಾಳೆ ಆಸ್ಪತ್ರೆಯಲ್ಲಿ ‘ಯಾವ ಔಷಧ?’ ಎಂದು ಕೇಳಿದಾಗ ಆ ತುಂಡನ್ನು ಓದಲು ವೈದ್ಯರಿಗೂ ಆಗುವುದಿಲ್ಲ. ಇಡೀ ಪಟ್ಟಿಯನ್ನೇ ತರಿಸಿ.