ಮನೆಯಲ್ಲೇ ಆರೈಕೆ ಅಂದರೆ ಮನೆಯವರ ತಲೆಗೇ ಕಟ್ಟುವುದಲ್ಲ

ಸ್ಕಿಜೋಫ್ರೀನಿಯಾದಂಥ ತೀವ್ರ ಮಾನಸಿಕ ಕಾಯಿಲೆ ಇರುವವರಲ್ಲಿ ಹೆಚ್ಚಿನವರು ನಮ್ಮ ದೇಶದಲ್ಲಿ ಇರುವುದು ಮನೆಯಲ್ಲೇ. ಮಾತ್ರೆ ಕೊಡುವುದು, ಊಟಕ್ಕೆ ಎಬ್ಬಿಸುವುದು, ನಡುರಾತ್ರಿ ಎದ್ದು ಹೊರಟರೆ ಹಿಂದೆ ಓಡುವುದು, ಎಲ್ಲ ಅಮ್ಮನ ಕೆಲಸ, ಇಲ್ಲವೇ ಹೆಂಡತಿಯದ್ದು. ‘ನಮ್ಮಲ್ಲಿ ಕುಟುಂಬ ಗಟ್ಟಿ’ ಅಂತ ನಾವು ಬೀಗುತ್ತೇವೆ. ಆ ಕುಟುಂಬ ಎಷ್ಟು ಹೊರೆ ಹೊತ್ತಿದೆ ಅಂತ ಕೇಳುವವರು ಕಡಿಮೆ.

ಬೆಂಗಳೂರಿನಲ್ಲಿ ಇಬ್ಬರು ಸಂಶೋಧಕರು ಕೇಳಿದ್ದರು. ಶೈಲಾ ಪೈ ಮತ್ತು ಆರ್.ಎಲ್. ಕಪೂರ್ 1981ರಲ್ಲಿ ಮನೆಯವರ ಹೊರೆ ಅಳೆಯುವ ಒಂದು ಪ್ರಶ್ನಾವಳಿ ಪ್ರಕಟಿಸಿದರು. ದುಡ್ಡು ಎಷ್ಟು ಹೋಯಿತು, ದಿನಚರಿ ಎಷ್ಟು ಕೆಟ್ಟಿತು, ಬಿಡುವು ಸಿಗುತ್ತದಾ, ಮನೆಯವರ ನಡುವೆ ಮಾತುಕತೆ ಹೇಗಿದೆ, ಅವರ ಮೈ ಮನಸ್ಸು ಹೇಗಿದೆ ಅಂತೆಲ್ಲ ಕೇಳುವ ಈ ಅಳತೆಗೋಲನ್ನು ಸಂಶೋಧಕರು ಇವತ್ತಿಗೂ ಬಳಸುತ್ತಾರೆ.

ಇವರೇ ಇನ್ನೊಂದು ಪ್ರಯೋಗವನ್ನೂ ಮಾಡಿದರು. ಸ್ಕಿಜೋಫ್ರೀನಿಯಾ ಇದ್ದ ತಲಾ 27 ಜನರ ಎರಡು ಗುಂಪು. ಒಂದು ಗುಂಪಿಗೆ ಆಸ್ಪತ್ರೆಯಲ್ಲಿ ಚಿಕಿತ್ಸೆ. ಇನ್ನೊಂದು ಗುಂಪಿನವರು ಮನೆಯಲ್ಲೇ ಉಳಿದರು, ತರಬೇತಾದ ನರ್ಸ್ ಅವರ ಮನೆಗೇ ಹೋಗಿ ಬರುತ್ತಿದ್ದರು. 1983ರಲ್ಲಿ ಬಂದ ಫಲಿತಾಂಶ ನೋಡಿ: ಮನೆಯಲ್ಲಿದ್ದವರ ಕಾಯಿಲೆ ಚೆನ್ನಾಗಿ ಹತೋಟಿಗೆ ಬಂತು, ಮನೆಯವರ ಹೊರೆಯೂ ಇಳಿಯಿತು, ಖರ್ಚೂ ಕಡಿಮೆ. ಇದನ್ನು ಓದಿ ‘ನೋಡಿದ್ರಾ, ಮನೆಯೇ ಮದ್ದು’ ಅನ್ನುವವರಿದ್ದಾರೆ. ಆ ನರ್ಸನ್ನು ಲೆಕ್ಕದಿಂದ ಬಿಟ್ಟರೆ ಈ ಪ್ರಯೋಗದಲ್ಲಿ ಏನೂ ಉಳಿಯುವುದಿಲ್ಲ.

ಯಾಕೆಂದರೆ ಮನೆ ತಾನಾಗಿಯೇ ಒಳ್ಳೆಯದು ಮಾಡುತ್ತದೆ ಅನ್ನುವಂತಿಲ್ಲ. 1950ರ ದಶಕದಲ್ಲಿ ಲಂಡನ್ನಿನಲ್ಲಿ ಸಮಾಜಶಾಸ್ತ್ರಜ್ಞ ಜಾರ್ಜ್ ಬ್ರೌನ್ ಮತ್ತು ಜೊತೆಗಾರರು ಒಂದು ವಿಚಿತ್ರ ಗಮನಿಸಿದರು. ಆಸ್ಪತ್ರೆಯಿಂದ ಬಿಡುಗಡೆಯಾಗಿ ಹೆತ್ತವರ ಅಥವಾ ಹೆಂಡತಿಯ ಜೊತೆ ಇರಲು ಹೋದ ಗಂಡಸರಿಗಿಂತ, ಬಾಡಿಗೆ ಕೋಣೆಯಲ್ಲಿದ್ದವರೋ ಅಕ್ಕ ತಮ್ಮಂದಿರ ಮನೆಯಲ್ಲಿದ್ದವರೋ ಚೆನ್ನಾಗಿದ್ದರು! ಮುಂದಿನ ಅಧ್ಯಯನಗಳಲ್ಲಿ ಕಾರಣ ತಿಳಿಯಿತು. ಸದಾ ಬೈಗುಳ, ಸಿಟ್ಟು, ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಯಲ್ಲಿ ಕಾಯಿಲೆ ಬೇಗ ಮರುಕಳಿಸುತ್ತದೆ. ಹಾಗಂತ ಮನೆಯವರು ಕೆಟ್ಟವರು ಅಂತಲ್ಲ. ಮಗ ಮಧ್ಯಾಹ್ನದವರೆಗೆ ಮಲಗಿರುತ್ತಾನೆ, ಸ್ನಾನ ಮಾಡಲ್ಲ, ಕೇಳಿದರೆ ಮಾತಿಲ್ಲ. ಅಪ್ಪ ‘ಸೋಮಾರಿ’ ಅಂತ ರೇಗುತ್ತಾರೆ. ಉತ್ಸಾಹವೇ ಬತ್ತಿಹೋಗುವುದು ಕಾಯಿಲೆಯ ಲಕ್ಷಣ ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಅದನ್ನು ಹೇಳುವವರು ಮನೆ ಬಾಗಿಲಿಗೆ ಬರಬೇಕು.

ಮಾತ್ರೆಯ ವಿಷಯವೂ ಹೀಗೇ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಲೆಕ್ಕ ಹಾಕಿದಾಗ, ಔಷಧಿ ಮುಂದುವರಿಸಿದವರಲ್ಲಿ ಸುಮಾರು ಒಂದು ವರ್ಷದೊಳಗೆ ಶೇ. 27ರಷ್ಟು ಜನರಿಗೆ ಕಾಯಿಲೆ ಮರುಕಳಿಸಿತ್ತು. ನಿಲ್ಲಿಸಿದವರಲ್ಲಿ ಶೇ. 64. ಆದರೂ ಜನ ನಿಲ್ಲಿಸುವುದು ಹಟಕ್ಕಲ್ಲ. ಕೈ ನಡುಗುತ್ತದೆ, ಮೈ ಬಿಗಿಯುತ್ತದೆ, ತೂಕ ಏರುತ್ತದೆ, ಕೂತಲ್ಲಿ ಕೂರಲಾಗುವುದಿಲ್ಲ. ಇದನ್ನು ಗಮನಿಸಿ ಡಾಕ್ಟರಿಗೆ ತಿಳಿಸಿದರೆ ಡೋಸ್ ಬದಲಿಸಬಹುದು, ವಾರಗಟ್ಟಲೆ ಕೆಲಸ ಮಾಡುವ ಇಂಜೆಕ್ಷನ್ನಿಗೆ ಹೋಗಬಹುದು. ಸಾರಿನಲ್ಲಿ ಮಾತ್ರೆ ಪುಡಿ ಬೆರೆಸಿ ಕೊಡುವ ಮನೆಗಳೂ ಇವೆ. ಅವರ ಸಂಕಟ ಅರ್ಥವಾಗುತ್ತದೆ. ಆದರೆ ಒಮ್ಮೆ ಗೊತ್ತಾದರೆ ಊಟದ ಮೇಲಿನ ನಂಬಿಕೆಯೂ ಹೋಗುತ್ತದೆ, ಮೊದಲೇ ಅನುಮಾನ ಕಾಡುವ ಕಾಯಿಲೆ ಇದು. ಇನ್ನು ಸಾಯುವ ಮಾತು, ಹಿಂಸೆ, ಪೂರ್ತಿ ಊಟ ಬಿಡುವುದು ಕಂಡರೆ ಮನೆಯಲ್ಲಿಟ್ಟುಕೊಂಡು ಕಾಯಬಾರದು. ಆಸ್ಪತ್ರೆಗೇ ಹೋಗಬೇಕು.

ಮನೆಗೆ ಬರುವವರು ನರ್ಸೇ ಆಗಬೇಕೆಂದೂ ಇಲ್ಲ. ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲಿ 282 ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತರು ಮನೆಗೆ ಹೋದರು. ಆಸ್ಪತ್ರೆಯ ಚಿಕಿತ್ಸೆಯೂ ಜೊತೆಗೇ ನಡೆಯುತ್ತಿತ್ತು. ಬರೀ ಆಸ್ಪತ್ರೆಯ ಚಿಕಿತ್ಸೆ ಪಡೆದವರಿಗಿಂತ ಇವರ ಸ್ಥಿತಿ ಸ್ವಲ್ಪ ಸುಧಾರಿಸಿತು, ಪವಾಡವೇನೂ ಆಗಲಿಲ್ಲ.

2022ರಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮನೆಗೆ ಬರುವವರು ಯಾರು ಅನ್ನುವುದು ಮಾತ್ರ ಇನ್ನೂ ಬಗೆಹರಿದಿಲ್ಲ. ‘ಆಶಾ ಕಾರ್ಯಕರ್ತೆಯರು ಇದ್ದಾರಲ್ಲ’ ಅನ್ನುವುದು ಸುಲಭ. ಬಾಣಂತಿ, ಲಸಿಕೆ, ಸರ್ವೆ ಅಂತ ಓಡಾಡುವ ಅವರಿಗೆ ಸಿಗುವುದು ಗೌರವಧನ, ಸಂಬಳವಲ್ಲ.