ಎರಡು ಇಂಚು ನೀರು ಸರಿ, ಎಷ್ಟು ದಿನ?

ಫೆಬ್ರವರಿ ಮುಗಿಯುತ್ತಿದ್ದಂತೆ ಬೆಂಗಳೂರಿನ ಸರ್ಜಾಪುರ ರಸ್ತೆ, ವರ್ತೂರು, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಿಂದ ನನಗೆ ಒಂದೇ ಥರದ ಫೋನು ಬರುತ್ತದೆ. "ಸಾರ್, ಬೋರ್‌ವೆಲ್ ಕೊರೆಸಿದಾಗ ಎರಡು ಇಂಚು ನೀರಿತ್ತು. ಈಗ ಅರ್ಧ ಗಂಟೆಗೇ ಗಾಳಿ ಎಳೀತಿದೆ. ಮೋಟರ್ ಹೋಯ್ತಾ?" ಮೋಟರ್ ಸಾಮಾನ್ಯವಾಗಿ ಚೆನ್ನಾಗೇ ಇರುತ್ತದೆ. ಎಡವಟ್ಟಾಗಿರುವುದು ಆ ಎರಡು ಇಂಚನ್ನು ನಂಬಿದ್ದರಲ್ಲಿ.

ಬೋರ್ ಕೊರೆಯುವ ರಿಗ್‌ನವರು ನೀರನ್ನು ವಿ ಆಕಾರದ ಕಚ್ಚು ಇರುವ ತಗಡಿನ ಮೇಲೆ ಹರಿಸಿ, ಕಚ್ಚಿನಲ್ಲಿ ಎಷ್ಟು ಎತ್ತರಕ್ಕೆ ಹರಿಯುತ್ತಿದೆ ಅಂತ ನೋಡುತ್ತಾರೆ. 90 ಡಿಗ್ರಿ ಕಚ್ಚಾದರೆ 2 ಇಂಚಿಗೆ ಗಂಟೆಗೆ ಸುಮಾರು 2,900 ಲೀಟರ್, 3 ಇಂಚಿಗೆ ಸುಮಾರು 8,000. ಒಂದೂವರೆ ಪಟ್ಟಲ್ಲ, ಎರಡೂಮುಕ್ಕಾಲು ಪಟ್ಟು! ಅಳತೆಯಲ್ಲಿ ಕಾಲಿಂಚು ಆಚೀಚೆ ಆದರೂ ಲೆಕ್ಕ ಎಲ್ಲೋ ಹೋಗುತ್ತದೆ.

ಆಮೇಲೆ ಮೋಟರ್ ಇಳಿಸಿ ಒಂದು ಗಂಟೆ ಓಡಿಸಿ "ಟೆಸ್ಟ್ ಓಕೆ" ಅಂತಾರೆ. ಆರೂವರೆ ಇಂಚಿನ ಬೋರ್‌ನಲ್ಲಿ ಒಂದು ಮೀಟರ್ ಉದ್ದಕ್ಕೆ ಸುಮಾರು 21 ಲೀಟರ್ ನೀರು ನಿಂತಿರುತ್ತದೆ. 1,000 ಅಡಿ ಬೋರ್‌ನಲ್ಲಿ 800 ಅಡಿ ನೀರಿದ್ದರೆ ಅದೇ 5,000 ಲೀಟರ್ ದಾಟಿತು. ಅಂದರೆ ಗಂಟೆಗೆ 2,900 ಲೀಟರ್ ಎತ್ತುವ ಮೋಟರ್‌ಗೆ, ಬಂಡೆಯಿಂದ ಒಂದು ಹನಿ ಬರದಿದ್ದರೂ, ಒಂದೂವರೆ ಗಂಟೆಗೂ ಜಾಸ್ತಿ ಸಾಕು. ನೀವು ಪರೀಕ್ಷೆ ಮಾಡಿದ್ದು ಬಂಡೆಯನ್ನಲ್ಲ, ಕೊರೆದ ತೂತನ್ನ.

ಹೊತ್ತು ಹೋದಂತೆ ಬೋರ್ ಸುತ್ತ ನೀರಿನ ಮಟ್ಟ ಹೇಗೆ ಇಳಿಯುತ್ತದೆ ಅಂತ ಮೊದಲು ಸರಿಯಾಗಿ ಲೆಕ್ಕ ಹಾಕಿಕೊಟ್ಟವರು ಅಮೆರಿಕದ ಅಂತರ್ಜಲ ತಜ್ಞ ಚಾರ್ಲ್ಸ್ ಥೈಸ್, 1935ರಲ್ಲಿ. ಕಾದ ವಸ್ತುವಿನಲ್ಲಿ ಶಾಖ ಹರಡುವ ಗಣಿತವನ್ನೇ ನೆಲದೊಳಗಿನ ನೀರಿಗೆ ಹಚ್ಚಿದರು. ಆ ಗಣಿತಕ್ಕೆ ಗೆಳೆಯ ಕ್ಲಾರೆನ್ಸ್ ಲೂಬಿನ್ ಅವರ ನೆರವು ಪಡೆದಿದ್ದರು. 1946ರಲ್ಲಿ ಕೂಪರ್ ಮತ್ತು ಜೇಕಬ್ ಅದನ್ನು ಇನ್ನೂ ಸುಲಭ ಮಾಡಿದರು. ನಾನು ಇವತ್ತಿಗೂ ಮೊದಲು ಬಳಸುವುದು ಅದನ್ನೇ.

ಅದರ ಪ್ರಕಾರ ಮಟ್ಟ ಇಳಿಯುವುದು ಗಂಟೆಗಿಷ್ಟು ಅಂತ ಅಲ್ಲ, ಸಮಯ ಹತ್ತು ಪಟ್ಟಾದಾಗಲೆಲ್ಲ ಇಷ್ಟು ಅಂತ. ಅದೇ ಗಂಟೆಗೆ 2,900ರ ಲೆಕ್ಕದಲ್ಲಿ ದಿನಕ್ಕೆ 70,000 ಲೀಟರ್ ಎಡೆಬಿಡದೆ ಎತ್ತುತ್ತಿದ್ದೀರಿ, ಬಂಡೆಗೆ ನೀರು ಸಾಗಿಸುವ ತಾಕತ್ತು (ಟ್ರಾನ್ಸ್‌ಮಿಸಿವಿಟಿ) ದಿನಕ್ಕೆ 2 ಚದರ ಮೀಟರ್ ಅಂತ ಇಟ್ಟುಕೊಳ್ಳಿ. ಆಗ 1 ಗಂಟೆಯಿಂದ 10 ಗಂಟೆಗೆ ಮಟ್ಟ 6.4 ಮೀಟರ್ ಇಳಿಯುತ್ತದೆ. 10ರಿಂದ 100 ಗಂಟೆಗೆ ಇನ್ನೊಂದು 6.4. ಅಲ್ಲಿಂದ 1,000 ಗಂಟೆಗೆ, ಅಂದರೆ ಸುಮಾರು 42 ದಿನಕ್ಕೆ, ಮತ್ತೆ ಅಷ್ಟೇ. ಇಷ್ಟೇ ಆಗಿದ್ದರೆ ಯಾವ ಬೋರೂ ಬೇಗ ಒಣಗುತ್ತಿರಲಿಲ್ಲ ಅಲ್ವಾ?

ತೊಂದರೆ ಏನೆಂದರೆ, ಈ ಲೆಕ್ಕದಲ್ಲಿ ನೆಲ ಎಲ್ಲ ಕಡೆಗೂ ಒಂದೇ ಸಮ, ಕೊನೆಯೇ ಇಲ್ಲ. ಬೆಂಗಳೂರಿನ ಕೆಳಗಿರುವುದು ನೈಸ್ (gneiss) ಅನ್ನುವ ಗಟ್ಟಿ ಬಂಡೆ, ಆಳದಲ್ಲಿ ನೀರಿರುವುದು ಅದರ ಬಿರುಕುಗಳಲ್ಲಿ ಮಾತ್ರ. ಬಿರುಕು ಒಂದು ಕಡೆ ಮುಗಿದು ಗೋಡೆ ಸಿಕ್ಕಿತು ಅನ್ನಿ, ಇಳಿಯುವ ವೇಗ ಎರಡರಷ್ಟಾಗುತ್ತದೆ, 6.4 ಇದ್ದದ್ದು 12.8. ಸುತ್ತಲೂ ಮುಚ್ಚಿದ್ದರೆ ಹತ್ತು ಪಟ್ಟಿನ ಆಟವೇ ಮುಗಿಯಿತು, ಮಟ್ಟ ದಿನಕ್ಕಿಷ್ಟು ಅಂತ ಸೀದಾ ಕೆಳಗೆ ಹೋಗುತ್ತದೆ. ಈ ತಿರುವು ಹತ್ತನೇ ಗಂಟೆಯಲ್ಲೋ ಐದನೇ ದಿನವೋ ಕಾಣುತ್ತದೆ, ಒಂದು ಗಂಟೆಯ ಟೆಸ್ಟ್‌ನಲ್ಲಿ ಎಲ್ಲಿಂದ ಕಾಣಬೇಕು!

ಇನ್ನು ಪಕ್ಕದವರು. "ನಾವು ಎತ್ತೋದೇ ಸ್ವಲ್ಪ, ಅವರಿಗೇನೂ ಆಗಲ್ಲ" ಅಂತಾರೆ. ಪರಿಣಾಮ ಎಷ್ಟು ದೂರ ಮುಟ್ಟುತ್ತದೆ ಅನ್ನುವ ಸೂತ್ರದಲ್ಲಿ ನೀವು ಎತ್ತುವ ನೀರಿನ ಪ್ರಮಾಣವೇ ಬರುವುದಿಲ್ಲ. ಸಮಯ, ಬಂಡೆಯ ಗುಣ, ಅಷ್ಟೇ. ಬಿರುಕು ನೀರು ಹಿಡಿದಿಡುವುದು ತೀರಾ ಕಡಿಮೆ, 0.0001 (ಮಟ್ಟ ಒಂದು ಮೀಟರ್ ಇಳಿದರೆ ಚದರ ಮೀಟರಿಗೆ ಸಿಗುವುದು 0.1 ಲೀಟರ್) ಅಂತ ತೆಗೆದುಕೊಂಡರೆ ಮೇಲಿನ ಬಂಡೆಯಲ್ಲೇ ಒಂದು ದಿನಕ್ಕೆ ಸುಮಾರು 210 ಮೀಟರ್ ದೂರ ಮುಟ್ಟುತ್ತದೆ. ಕಡಿಮೆ ಎತ್ತಿದರೆ ಆ ದೂರದೊಳಗೆ ಇಳಿತ ಕಡಿಮೆ, ದೂರ ಮಾತ್ರ ಅಷ್ಟೇ. ಆ ಅಂತರದಲ್ಲಿ ನಮ್ಮ ಕಡೆ ಎಷ್ಟು ಬೋರ್ ಇರುತ್ತವೆ ನೋಡಿ. ಎಲ್ಲರ ಇಳಿತವೂ ಒಂದರ ಮೇಲೊಂದು ಕೂಡುತ್ತದೆ.

ಹಾಗಾಗಿ ನಾನು ಕೇಳುವುದು ಕನಿಷ್ಠ 24 ಗಂಟೆಯ ಪಂಪಿಂಗ್, ಅದೂ ಏಪ್ರಿಲ್‌ನಲ್ಲಿ. ಅಕ್ಟೋಬರ್‌ನಲ್ಲಿ ಮಾಡಿದರೆ ಮೇಲಿನ ಸಡಿಲ ಪದರದಲ್ಲಿ ಮಳೆ ನೀರು ತುಂಬಿರುತ್ತದೆ, ಅದು ಕೆಳಗಿನ ಬಿರುಕಿಗೆ ಇಳಿಯುತ್ತಾ ಗ್ರಾಫನ್ನು ಚೆಂದ ಮಾಡಿಬಿಡುತ್ತದೆ. ಮೋಟರ್ ನಿಲ್ಲಿಸಿದ ಮೇಲೂ ಟೇಪ್ ಎತ್ತಿಕೊಂಡು ಹೊರಡಬೇಡಿ. ಮಟ್ಟ ಮೇಲೇರುವುದನ್ನು ಇನ್ನೂ 24 ಗಂಟೆ ಬರೆದುಕೊಳ್ಳಿ. ಓಡಿಸಿದಷ್ಟೇ ಹೊತ್ತು ಬಿಟ್ಟ ಮೇಲೆ, ಮೇಲಿನ ಲೆಕ್ಕದ ಬಂಡೆಯಾದರೆ, ಮೊದಲಿನ ಮಟ್ಟಕ್ಕೆ 2 ಮೀಟರಿನಷ್ಟು ಮಾತ್ರ ಬಾಕಿ ಇರಬೇಕು. 10 ಮೀಟರ್ ಬಾಕಿ ಇದ್ದರೆ ಆ ಬಿರುಕು ಚಿಕ್ಕದು, ನೀವು ಅದರ ಗಂಟನ್ನೇ ಕರಗಿಸುತ್ತಿದ್ದೀರಿ.

ಅಂಥ ಕಡೆ ಅದೇ ಕಾಂಪೌಂಡ್‌ನಲ್ಲಿ ಇನ್ನೊಂದು ಬೋರ್ ಹಾಕಿಸಬೇಡಿ ಅಂತೀನಿ. ಬಹಳ ಸಲ ಅದೂ ಅದೇ ಬಿರುಕಿಗೇ ಬಾಯಿ ಹಾಕುತ್ತದೆ. ವಾಲ್ವ್ ಬಿಗಿ ಮಾಡಿ ಹರಿವು ಇಳಿಸಿ, ಟೈಮರ್ ಹಾಕಿ ನಡುನಡುವೆ ಬಿಡುವು ಕೊಡಿ, ಉಳಿದದ್ದಕ್ಕೆ ಟ್ಯಾಂಕರ್ ಈಗಲೇ ಮಾತಾಡಿಕೊಳ್ಳಿ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಇದಕ್ಕೆ ಸಿಗುವ ಓಟು ಕಡಿಮೆಯೇ. ರಿಗ್ ಲಾರಿಗೇ ಯಾವಾಗಲೂ ಜಾಸ್ತಿ.